ಗಾಳಿಕಣ್ಣು

ನನ್ನ ತಮ್ಮನನ್ನು ನಮ್ಮ ಬೀದಿಯವರೆಲ್ಲ ಮೊಳೆಬಾಯಿ ಎಂದೇ ಕರೆಯುತ್ತಾರೆ. ಈಗ ಅವನ ಬಾಯಲ್ಲಿ ಮೊಳೆ ಇರುವುದಿಲ್ಲ, ಆದರೂ ಹೆಸರು ಹೋಗಿಲ್ಲ. ಸೋಫಾ ಕುರ್ಚಿಗಳ ಹಳೆಯ ಹೊದಿಕೆ ಕಿತ್ತು ಹೊಸದು ಹಾಕುವುದು ಅವನ ಕಸುಬು. ಈ ಕಸುಬಿನಲ್ಲಿ ಎರಡು ಕೈಗಳೂ ಬಟ್ಟೆಯನ್ನು ಎಳೆದು ಹಿಡಿಯುವುದರಲ್ಲೇ ಮುಗಿದುಹೋಗುತ್ತವೆ. ಮೊಳೆ ಹಿಡಿಯಲು ಇನ್ನೊಂದು ಕೈ ಬೇಕು, ಆ ಕೈ ಬಾಯಿ. ಒಂದು ಹಿಡಿ ಸಣ್ಣ ಮೊಳೆಗಳನ್ನು ದವಡೆಗೆ ಒತ್ತರಿಸಿಕೊಳ್ಳಬೇಕು, ನಾಲಿಗೆಯಿಂದ ಒಂದೊಂದನ್ನೇ ತಲೆ ಮುಂದಾಗುವಂತೆ ತಿರುಗಿಸಿ ತುಟಿಗೆ ತರಬೇಕು, ಅಯಸ್ಕಾಂತದ ಸುತ್ತಿಗೆಯನ್ನು ತುಟಿಗೆ ಸೋಕಿಸಿ ಮೊಳೆಯನ್ನು ಅಂಟಿಸಿಕೊಂಡು ಟಕ್ಕೆಂದು ಬಡಿಯಬೇಕು. ನೋಡಿದವರಿಗೆ ಸುತ್ತಿಗೆಗೆ ಮುತ್ತು ಕೊಟ್ಟು ಕುರ್ಚಿಗೆ ಏಟು ಕೊಟ್ಟ ಹಾಗೆ ಕಾಣುತ್ತದೆ.

ಈ ವಿದ್ಯೆ ಕಲಿಸಿದವನು ನಮ್ಮ ಸೋದರಮಾವ. ಬಾಯಲ್ಲಿ ಮೊಳೆ ಇರುವಾಗ ಮಾತಾಡಕೂಡದು, ನಗಕೂಡದು, ಬಾಯಿಂದ ಉಸಿರೆಳೆಯಕೂಡದು ಎಂದು ಮೊದಲ ದಿನವೇ ಕಿವಿ ಹಿಂಡಿ ಹೇಳಿಕೊಟ್ಟಿದ್ದ. ನನ್ನ ತಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಪ್ರಾಣಿ. ಮಾತು ಬಿಟ್ಟ. ನಗುವನ್ನು ಮೂಗಿಗೆ ವರ್ಗಾಯಿಸಿದ. ಬೆಳಗಿನಿಂದ ಸಂಜೆಯವರೆಗೆ ಅವನಿಂದ ಹೊರಡುತ್ತಿದ್ದುದು ಎರಡೇ ಸದ್ದು, ಹ್ಞೂಂ ಮತ್ತು ಊಹೂಂ. ಮೊಳೆ ಉಗುಳಿ ಮನೆಗೆ ಬಂದ ಮೇಲಾದರೂ ಮಾತಾಡುತ್ತಾನೋ ಎಂದರೆ ಅಭ್ಯಾಸ ಬಿಡಬೇಕಲ್ಲ. ನನಗೋ ಮೂಗಿನ ತುದಿಯಲ್ಲಿ ಕೋಪ. ಒಂದು ಬೆಂಚಿನಲ್ಲಿ ಅವನು, ಪಕ್ಕದ ಹೊಲಿಗೆ ಯಂತ್ರದಲ್ಲಿ ಹೊದಿಕೆ ಹೊಲಿಯುತ್ತ ನಾನು. ಗೋಡೆಯ ಜೊತೆ ಮಾತಾಡಿದ್ದರೆ ಅದಾದರೂ ಮಾರುತ್ತರ ಕೊಡುತ್ತಿತ್ತೇನೋ ಎಂದು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಅವನ ಮದುವೆ ಆದದ್ದೂ ಹೀಗೇ. ನಾನು ಹೆಣ್ಣು ನೋಡಿ ಬಂದು, ಅವನು ಹಸಿರು ಬಟ್ಟೆ ಹಿಡಿದು ನಿಂತಿದ್ದಾಗ ‘ಆಗಬಹುದೇನೋ’ ಎಂದು ಕೇಳಿದೆ. ಹ್ಞೂಂ ಎಂದ. ಹೋಗಿ ಮಾತು ಕೊಟ್ಟು ಬಂದೆ. ಆಮೇಲೆ ನೋಡಿದರೆ ಅವನು ಹ್ಞೂಂ ಎಂದದ್ದು ಬಟ್ಟೆಯ ಬಣ್ಣಕ್ಕೆ. ಪುಣ್ಯಕ್ಕೆ ಎರಡೂ ಚೆನ್ನಾಗಿಯೇ ಹೊಂದಿಕೊಂಡವು. ಹೆಂಡತಿಯಾಗಿ ಬಂದವಳು ಊರಿನ ಬಸ್ಸು ಓಡಿಸುವವಳು. ಬಾಯಿ ತೆಗೆದಳೆಂದರೆ ಕೊನೆಯ ಸ್ಟಾಪಿನವರೆಗೂ ನಿಲ್ಲಿಸುವುದಿಲ್ಲ. ಊಟದ ಹೊತ್ತಿಗೆ ಅವಳು ಇಡೀ ದಿನದ ಪ್ರಯಾಣಿಕರನ್ನೆಲ್ಲ ತಟ್ಟೆಯ ಮುಂದೆ ತಂದು ಕೂರಿಸುತ್ತಾಳೆ. ಇವನು ತಲೆ ಬಗ್ಗಿಸಿ ಉಣ್ಣುತ್ತಾನೆ. ‘ಇವರಿಗೆ ನಾನು ಹೇಳಿದ್ದು ಒಳಗೆ ಹೋಗುತ್ತೋ ಇಲ್ವೋ ಅತ್ತಿಗೆ’ ಎಂದು ಅವಳು ನನ್ನನ್ನು ಕೇಳುತ್ತಿದ್ದಳು. ನನಗೇನು ಗೊತ್ತು, ನಾನೂ ಅದೇ ದೋಣಿಯಲ್ಲಿ ಕೂತವಳು.

ಇವರಿಬ್ಬರಿಗೆ ಮಗುವಾದದ್ದು ತಡವಾಗಿ, ಎಲ್ಲರೂ ಆಸೆ ಬಿಟ್ಟ ಮೇಲೆ. ಹೆಣ್ಣು ಮಗು. ಮೊಳೆಬಾಯಿಯ ಮಗಳು ಎಂದು ಬೀದಿಯವರೇ ಅವಳಿಗೆ ಮರಿಮೊಳೆ ಎಂದು ಹೆಸರಿಟ್ಟುಬಿಟ್ಟರು. ತಾಯಿಗೆ ಹಗಲು ಪಾಳಿ ಇದ್ದಾಗ ಮಗು ನಮ್ಮ ಜೊತೆ ಅಂಗಡಿಯಲ್ಲಿರುತ್ತಿತ್ತು.

ನಮ್ಮ ಅಂಗಡಿ ಅರ್ಧ ನೆಲದೊಳಗಿದೆ. ಬೀದಿಯ ಮಟ್ಟಕ್ಕೆ ಒಂದು ಉದ್ದನೆಯ ಕಿಟಕಿ, ಅದರಲ್ಲಿ ದಿನವಿಡೀ ಜನರ ಕಾಲುಗಳು ಮಾತ್ರ ಹೋಗುತ್ತವೆ, ಬರುತ್ತವೆ. ಒಳಗೆ ಸ್ಪ್ರಿಂಗುಗಳ ರಾಶಿ, ಗೋಣಿಪಟ್ಟಿಯ ಸುರುಳಿಗಳು, ಅಂಟಿನ ವಾಸನೆ. ಒಂದು ಮೂಲೆಯಲ್ಲಿ ಯಾರೋ ವಾಪಸು ಒಯ್ಯದೆ ಬಿಟ್ಟ ಸೋಫಾದ ಚೌಕಟ್ಟನ್ನು ತಲೆಕೆಳಗು ಮಾಡಿ, ಅಂಚಿಗೆಲ್ಲ ಮೆತ್ತೆ ಕಟ್ಟಿ, ನನ್ನ ತಮ್ಮ ಮಗಳಿಗೊಂದು ದೊಡ್ಡಿ ಮಾಡಿಕೊಟ್ಟಿದ್ದ. ಅದರ ಸರಳು ಹಿಡಿದು ನಿಂತು ಅವಳು ಅಪ್ಪನ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ನಡೆಯಲು ಕಲಿತ ಮೇಲೆ ಅವಳು ಕಲಿತ ಮೊದಲ ಆಟವೇ ಅದು. ಒಂದು ಮರದ ಸೌಟನ್ನು ಬಿಗಿದ ತುಟಿಗೆ ಸೋಕಿಸುವುದು, ಸರಳಿಗೆ ಟಕ್ಕೆಂದು ಬಡಿಯುವುದು. ಅಪ್ಪ ಹುಬ್ಬೇರಿಸಿ ‘ಹ್ಞೂಂ?’ ಎಂದರೆ ಬಾಯಿ ಬಿಡದೆ ‘ಹ್ಞೂಂ’ ಎನ್ನುವುದು. ಬಂದ ಗಿರಾಕಿಗಳೆಲ್ಲ ಇನ್ನೊಂದು ಸಲ ಮಾಡಿಸಿ ನೋಡಿ ಹೋಗುತ್ತಿದ್ದರು. ಬಾಯಿ ಖಾಲಿ ಇದೆಯಲ್ಲ, ಆಡಿಕೊಳ್ಳಲಿ ಎಂದು ನಾವೂ ನಗುತ್ತಿದ್ದೆವು.

ಬಾಯಿ ಖಾಲಿ ಇರುವಂತೆ ನೋಡಿಕೊಳ್ಳುವುದರಲ್ಲಿ ನನ್ನ ತಮ್ಮ ಕಡಿಮೆಯವನಲ್ಲ. ಒಂದು ದೊಡ್ಡ ಅಯಸ್ಕಾಂತವನ್ನು ಕೋಲಿಗೆ ಕಟ್ಟಿಕೊಂಡು ಬೆಳಗ್ಗೆ ಅಂಗಡಿ ತೆರೆದ ಕೂಡಲೇ ನೆಲವನ್ನೆಲ್ಲ ಬಾಚುತ್ತಿದ್ದ. ಬೆಂಚಿನ ಕೆಳಗೆ, ಯಂತ್ರದ ಸಂದಿಗೆ, ದೊಡ್ಡಿಯ ಒಳಗೆ ಹೊರಗೆ. ಕೋಲಿನ ತುದಿಗೆ ಮೊಳೆಗಳು ಮುಳ್ಳುಹಂದಿಯ ಹಾಗೆ ಕಚ್ಚಿಕೊಂಡು ಬರುತ್ತಿದ್ದವು. ಕೊನೆಗೆ ಒಂದೂ ಬಾರದೆ ಇರುವ ತನಕ ಬಾಚಿ, ಆಮೇಲೆ ಮಗುವನ್ನು ಕೆಳಗಿಳಿಸುತ್ತಿದ್ದ. ಇಷ್ಟು ಜಾಗ್ರತೆಯ ಮನುಷ್ಯನಿಗೆ ಒಂದು ವಿಷಯ ಹೊಳೆಯಲಿಲ್ಲ. ಅದನ್ನು ಹೇಳುವ ಮೊದಲು ಗಾಳಿಕಣ್ಣು ಎಂದರೇನೆಂದು ಹೇಳಬೇಕು.

ಚರ್ಮದ ಮೆತ್ತೆಯೊಳಗೆ ಗಾಳಿ ಸುಮ್ಮನೆ ಹೋಗಿ ಬರುವುದಿಲ್ಲ. ಮೇಲೆ ಯಾರಾದರೂ ಕೂತರೆ ಒಳಗಿನ ಗಾಳಿ ಹೊರಗೆ ಹೋಗಬೇಕು, ಎದ್ದರೆ ವಾಪಸು ಬರಬೇಕು. ದಾರಿ ಇಲ್ಲದಿದ್ದರೆ ಹೊಲಿಗೆ ಸಿಡಿಯುತ್ತದೆ, ಇಲ್ಲವೇ ಮೆತ್ತೆ ಕಲ್ಲಾಗುತ್ತದೆ. ಅದಕ್ಕೇ ಹಿಂದಿನ ಅಂಚಿನಲ್ಲಿ, ಕಣ್ಣಿಗೆ ಕಾಣದ ಕಡೆ, ಸಣ್ಣ ಹಿತ್ತಾಳೆಯ ಉಂಗುರಗಳನ್ನು ಕೂರಿಸುತ್ತಾರೆ. ಒಂದು ಪುಟ್ಟ ಕೊಳವೆ, ಒಂದು ಬದಿಗೆ ಅಂಚು ಮಡಚಿರುತ್ತದೆ, ಅಷ್ಟೇ. ನಮ್ಮ ಮಾವ ಅದಕ್ಕೆ ಗಾಳಿಕಣ್ಣು ಎನ್ನುತ್ತಿದ್ದ. ಮೆತ್ತೆ ಸಿದ್ಧವಾದ ಮೇಲೆ ನನ್ನನ್ನು ಕೂರಿಸಿ, ನನ್ನ ತಮ್ಮ ಹಿಂದೆ ಮಂಡಿಯೂರಿ ಗಾಳಿಕಣ್ಣಿಗೆ ಕಿವಿ ಕೊಡುತ್ತಾನೆ. ಸುಯ್ ಎಂದು ಸಣ್ಣಗೆ, ಒಂದೇ ಸಮನೆ ಕೇಳಿಸಿದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಈ ಪರೀಕ್ಷೆಗೆ ನನ್ನನ್ನೇ ಏಕೆ ಕೂರಿಸುತ್ತೀಯೋ ಎಂದು ಕೇಳಿದರೆ ನನ್ನ ಗಾತ್ರದ ಕಡೆ ಕೈ ತೋರಿಸಿ ಮೂಗಿನಲ್ಲಿ ನಗುತ್ತಾನೆ.

ಆ ವಾರ ಒಂದು ಹೋಟೆಲಿನ ಚರ್ಮದ ಕುರ್ಚಿಗಳು ಬಂದಿದ್ದವು. ಹಿಂದಿನ ಸಂಜೆ ಅವಕ್ಕೆ ಗಾಳಿಕಣ್ಣು ಕೂರಿಸಿದ್ದ. ಕೂರಿಸುವಾಗ ಒಂದು ಉಂಗುರ ಜಾರಿ ಉರುಳಿ ದೊಡ್ಡಿಯೊಳಗೆ ಹೋಗಿರಬೇಕು. ಬೆಳಗ್ಗೆ ಎಂದಿನಂತೆ ಅಯಸ್ಕಾಂತ ಆಡಿಸಿದ, ಎಂದಿನಂತೆ ಕೊನೆಗೆ ಏನೂ ಬರಲಿಲ್ಲ, ಎಂದಿನಂತೆ ಮಗುವನ್ನು ಇಳಿಸಿದ. ಅಯಸ್ಕಾಂತಕ್ಕೆ ಕಬ್ಬಿಣ ಅಂಟುತ್ತದೆ, ಹಿತ್ತಾಳೆ ಅಂಟುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ದಿನವೂ ಗೆದ್ದ ಉಪಾಯವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಬೆಳಗಿನ ಬಿಸಿಲು ಕಿಟಕಿಯಿಂದ ಬೆಂಚಿನವರೆಗೆ ಬಂದಿತ್ತು. ಅವನು ಒಂದು ಕುರ್ಚಿಯ ಬೆನ್ನಿಗೆ ಬಟ್ಟೆ ಎಳೆದು ಹಿಡಿದಿದ್ದ, ದವಡೆ ತುಂಬ ಮೊಳೆ. ಮಗು ಸರಳು ಹಿಡಿದು ಎದ್ದು ನಿಂತಿತು. ತುಟಿ ಬಿಗಿದಿತ್ತು, ಕಣ್ಣು ಅಪ್ಪನ ಮೇಲಿತ್ತು. ಅವನು ಹುಬ್ಬೇರಿಸಿದ. ‘ಹ್ಞೂಂ?’

ಉತ್ತರ ಬರಲಿಲ್ಲ. ಆಟದಲ್ಲಿ ಮುಳುಗಿದ್ದಾಳೆ ಎಂದುಕೊಂಡು ಅವನು ಇನ್ನೊಂದು ಮೊಳೆ ಬಡಿದ. ತುಟಿ ಬಿಗಿದುಕೊಂಡು ಸದ್ದಿಲ್ಲದೆ ನಿಂತ ಮನುಷ್ಯ ಬೇರೆ ಯಾವ ಮನೆಯಲ್ಲಾದರೂ ಗಾಬರಿ ಹುಟ್ಟಿಸುತ್ತಾನೆ. ನಮ್ಮ ಅಂಗಡಿಯಲ್ಲಿ ಅವನು ಕೆಲಸದಲ್ಲಿದ್ದಾನೆ ಎಂದು ಅರ್ಥ. ಮತ್ತೆ ‘ಹ್ಞೂಂ?’ ಎಂದ. ಮಗುವಿನ ಕೈಯಿಂದ ಸೌಟು ಬಿತ್ತು. ಬಾಯಿ ತೆರೆಯಿತು, ಆದರೆ ಅದರಿಂದ ಏನೂ ಹೊರಡಲಿಲ್ಲ, ಕೆಮ್ಮಲ್ಲ, ಅಳುವಲ್ಲ. ತುಟಿ ನೀಲಿಗೆ ತಿರುಗುತ್ತಿತ್ತು.

ನನ್ನ ತಮ್ಮ ಬಾಯಲ್ಲಿದ್ದ ಮೊಳೆಯನ್ನೆಲ್ಲ ಒಮ್ಮೆಗೇ ಥೂ ಎಂದು ಉಗುಳಿದ. ಅವು ನೆಲದ ತುಂಬ ಚದುರಿದವು. ಅವನು ಹಾಗೆ ಉಗುಳಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಏನಾಯಿತೆಂದು ನನಗೆ ಅರ್ಥವಾಗುವಷ್ಟರಲ್ಲಿ ಅವನು ದೊಡ್ಡಿಯ ಬಳಿಯಿದ್ದ. ಮಗುವನ್ನು ಎತ್ತಿ, ಕೂತು, ತೊಡೆಯ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ, ಅಂಗೈಯ ಬುಡದಿಂದ ಎರಡು ಹೆಗಲುಗಳ ನಡುವೆ ಬಡಿದ. ಮತ್ತೆ ಬಡಿದ. ಗುರಿಯಿಟ್ಟು, ಅಳೆದು, ಹೆದರದೆ ಬಡಿದ. ಇದನ್ನೆಲ್ಲ ಹೆಂಡತಿ ಬಸ್ ಡಿಪೋದ ತರಬೇತಿಯಲ್ಲಿ ಕಲಿತು ಬಂದು, ಊಟದ ಹೊತ್ತಿನಲ್ಲಿ ದಿಂಬನ್ನು ತೊಡೆಯ ಮೇಲಿಟ್ಟು ತೋರಿಸಿದ್ದಳು. ಆಗ ಅವನು ಹ್ಞೂಂ ಎಂದಿದ್ದ. ಅವಳ ಮಾತು ಒಳಗೆ ಹೋಗುತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ.

ನಾನು ಫೋನು ಹಿಡಿದಿದ್ದೆ. ಆಂಬುಲೆನ್ಸಿನ ನಂಬರು ಒತ್ತಿದ್ದು ನನ್ನ ಬೆರಳೋ ಇನ್ಯಾರದೋ. ಆ ಕಡೆಯಿಂದ ಹೆಂಗಸೊಬ್ಬಳು ವಿಳಾಸ ಕೇಳಿದಳು, ಹೇಳಿದೆ. ಅಷ್ಟರಲ್ಲಿ ಆ ಸದ್ದು ಕೇಳಿಸಿತು.

ಸುಯ್.

ತಮ್ಮನ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಮಗುವನ್ನು ನಿಧಾನ ನೆಟ್ಟಗೆ ಮಾಡಿ, ಅವಳ ಬಾಯಿಗೆ ಕಿವಿ ಕೊಟ್ಟ. ಒಳಗೆ ಹೋಗುವಾಗ ಸುಯ್, ಹೊರಗೆ ಬರುವಾಗ ಸುಯ್. ಸಣ್ಣಗೆ, ಒಂದೇ ಸಮನೆ. ತುಟಿಯ ನೀಲಿ ಕರಗಿ ಹೋಗುತ್ತಿತ್ತು. ಅವನು ಬೆಂಚಿನ ಮೇಲಿದ್ದ ಉಂಗುರಗಳ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.

‘ಅಕ್ಕಾ,’ ಎಂದ, ‘ಗಾಳಿಕಣ್ಣು.’

ಅವಳ ಉಸಿರಿಗೆ ಅಡ್ಡ ನಿಂತದ್ದು ಯಾವುದೋ ಅದರ ನಡುವಿನಿಂದಲೇ ಅವಳ ಉಸಿರು ಓಡಾಡುತ್ತಿತ್ತು. ಮೆತ್ತೆಗೆಂದು ಮಾಡಿದ ದಾರಿಯಲ್ಲಿ ಒಂದು ಜೀವ ಹೋಗಿ ಬರುತ್ತಿತ್ತು. ನಾನು ದೊಡ್ಡ ಭಕ್ತೆಯೇನಲ್ಲ, ಮಾತು ಮಾತಿಗೆ ಕೈ ಮುಗಿಯುವವರನ್ನು ಕಂಡರೆ ನನಗಾಗುವುದಿಲ್ಲ. ಆದರೂ ಆ ಹೊತ್ತು ಯಂತ್ರದ ಪಕ್ಕ ನಿಂತಲ್ಲೇ ನನ್ನ ಎರಡು ಕೈಗಳೂ ತಾವಾಗಿಯೇ ಸೇರಿಕೊಂಡವು.

ಮರುಕ್ಷಣ ಬುದ್ಧಿ ಕೆಟ್ಟಿತು. ‘ಬೆರಳು ಹಾಕಿ ತೆಗಿಯೋ, ಇಲ್ಲೇ ಇರುತ್ತೆ’ ಎಂದು ಮುಂದೆ ನುಗ್ಗಿದೆ. ಫೋನಿನಲ್ಲಿದ್ದವಳಿಗೆ ಅದು ಕೇಳಿಸಿತು.

‘ಬೆರಳು ಹಾಕ್ಬೇಡಿ. ಮಗು ಉಸಿರಾಡ್ತಾ ಇದ್ಯಾ?’

‘ಆಡ್ತಿದೆ. ಸಿಳ್ಳೆ ಥರ ಸದ್ದು ಬರ್ತಿದೆ. ಒಳಗೆ ಉಂಗುರ ಇದೆ, ತೂತಿರೋ ಉಂಗುರ.’

ಅವಳು ಒಂದೊಂದೇ ಮಾತು ಬಿಡಿಸಿ ಹೇಳಿದಳು. ‘ಹಾಗಾದ್ರೆ ಇನ್ನೇನೂ ಮಾಡ್ಬೇಡಿ. ಬೆನ್ನಿಗೆ ಬಡಿಯೋದು ಬೇಡ, ಮಲಗ್ಸೋದು ಬೇಡ, ನೀರು ಕೊಡೋದು ಬೇಡ. ಎತ್ತಿ ನೆಟ್ಟಗೆ ಕೂರಿಸ್ಕೊಳ್ಳಿ. ಉಂಗುರ ಹೊರಳಿದ್ರೆ ದಾರಿ ಮುಚ್ಚಿಹೋಗುತ್ತೆ. ಅದಕ್ಕೇ ಹೇಳ್ತಿದೀನಿ, ಮಗು ಅಳಬಾರದು. ಏನಾದ್ರೂ ಮಾಡಿ, ಅಳೋಕೆ ಬಿಡಬೇಡಿ.’

ಹೇಳುವುದು ಸುಲಭ. ಒಂದೂವರೆ ವರ್ಷದ ಮಗು, ಬೆನ್ನಿಗೆ ಅಷ್ಟು ಏಟು ತಿಂದಿದೆ, ಗಂಟಲಲ್ಲಿ ಲೋಹ ಸಿಕ್ಕಿಕೊಂಡಿದೆ. ಅಳದೆ ಇನ್ನೇನು ಮಾಡುತ್ತದೆ? ಜೀವಮಾನವೆಲ್ಲ ಕೈಯಿಂದ ಬದುಕಿದ ನನ್ನ ತಮ್ಮನಿಗೆ ಈಗ ಕೈಯಿಂದ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮಗಳನ್ನು ಎದೆಗೊರಗಿಸಿಕೊಂಡು ಕೂತಿದ್ದ. ನಾನು ನನಗೆ ತಿಳಿಯದೆಯೇ ಡಬ್ಬಿಯಿಂದ ಒಂದು ಉಂಗುರ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ.

ಆಂಬುಲೆನ್ಸು ಬಂತು. ಹಿಂದುಗಡೆ ನನ್ನ ತಮ್ಮ ಮಗುವನ್ನು ಮಡಿಲಲ್ಲಿಟ್ಟು ಕೂತ, ಅವನೆದುರು ನಾನು. ಆಂಬುಲೆನ್ಸಿನ ಹುಡುಗಿ, ಹಗುರ ಕೈಯವಳು, ಆಮ್ಲಜನಕದ ಮುಖವಾಡವನ್ನು ಹತ್ತಿರ ತಂದಳು. ಅದನ್ನು ಕಂಡದ್ದೇ ಮಗು ಮುಖ ಹಿಂದಕ್ಕೆಳೆದುಕೊಂಡಿತು. ಕೆಳತುಟಿ ಮುಂದೆ ಬಂತು, ಗಲ್ಲ ನಡುಗಿತು. ಸುಯ್ ಎನ್ನುವ ಸದ್ದು ತೆಳ್ಳಗಾಯಿತು, ಬೇಗ ಬೇಗ ಆಯಿತು. ಹುಡುಗಿ ತಟ್ಟನೆ ಮುಖವಾಡ ಹಿಂದಕ್ಕೆ ತೆಗೆದಳು. ಇನ್ನೇನು ಅತ್ತೇಬಿಡುತ್ತಾಳೆ ಎನ್ನುವಾಗ ನನ್ನ ತಮ್ಮ ಬಾಯಿ ತೆರೆದ.

‘ಮರೀ,’ ಎಂದ. ‘ನಾನೊಂದು ವಿಷಯ ಹೇಳ್ಲಾ ನಿಂಗೆ? ಆ ಹೋಟೆಲ್ ಕುರ್ಚಿ ಇದೆಯಲ್ಲ, ಅದರೊಳಗೆ ಕುದುರೆ ಕೂದಲು ಇದೆ. ನಿಜವಾದ ಕುದುರೆದು. ಈಗ ಯಾರೂ ಹಾಕಲ್ಲ. ನಾನು ಬಿಚ್ಚಿದಾಗ ಅದು ಹೇಗೆ ಉಬ್ಬಿಕೊಂಡು ಎದ್ದು ಬಂತು ಗೊತ್ತಾ? ಇಷ್ಟು ವರ್ಷ ಜನ ಮೇಲೆ ಕೂತಿದ್ರೂ ಅದಕ್ಕೆ ಮರೆತೇ ಹೋಗಿಲ್ಲ ಎದ್ದೇಳೋದು.’

ಮಗುವಿನ ತುಟಿ ಅರ್ಧಕ್ಕೆ ನಿಂತಿತು. ಅವಳು ಅಪ್ಪನ ಬಾಯಿಯನ್ನೇ ನೋಡಿದಳು. ಅವಳು ಹುಟ್ಟಿದ ಮೇಲೆ ಆ ಬಾಯಿ ಇಷ್ಟು ಹೊತ್ತು ತೆರೆದು ಮುಚ್ಚಿದ್ದನ್ನು ಕಂಡೇ ಇರಲಿಲ್ಲ. ಅಲ್ಲಿ ಮೊಳೆ ಇರಲಿಲ್ಲ, ಬರಿಯ ಮಾತಿತ್ತು.

ಅವನು ನಿಲ್ಲಿಸಲಿಲ್ಲ. ಸೋಫಾಗಳ ಸಂದಿಯಲ್ಲಿ ತನಗೆ ಸಿಕ್ಕಿದ್ದನ್ನೆಲ್ಲ ಹೇಳಿದ. ಬಾಚಣಿಗೆ, ಕೀಲಿ, ಯಾರದ್ದೋ ಹಲ್ಲಿನ ಸೆಟ್ಟು. ಆ ಸೆಟ್ಟಿನ ಮುದುಕ ವಾಪಸು ತಗೊಂಡು ಅಲ್ಲೇ ಹಾಕಿಕೊಂಡು ನಕ್ಕದ್ದು. ನಿಮ್ಮತ್ತೆ ಮೆತ್ತೆ ಮೇಲೆ ಕೂತರೆ ಒಳಗಿನ ಸ್ಪ್ರಿಂಗುಗಳು ಒಂದನ್ನೊಂದು ತಬ್ಬಿಕೊಂಡು ಅಳುತ್ತವೆ ಎಂದ. ನಾನು ಅವನ ಎದುರಿಗೇ ಕೂತಿದ್ದೇನೆ ಎನ್ನುವುದೂ ಅವನ ಗಮನದಲ್ಲಿದ್ದಂತಿರಲಿಲ್ಲ. ನಾನು ಅಂಗಡಿಯಲ್ಲಿ ಗೋಡೆಗೆ ಹೇಳಿದೆ ಎಂದುಕೊಂಡಿದ್ದ ಮಾತುಗಳನ್ನು, ಹೆಂಡತಿ ತಟ್ಟೆಯ ಮುಂದೆ ಹೇಳಿದ ಪ್ರಯಾಣಿಕರ ಕತೆಗಳನ್ನು, ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದ. ಇಷ್ಟು ವರ್ಷ ಅವನು ಒಳಗೆ ಹಾಕಿಕೊಂಡದ್ದೆಲ್ಲ ಅಲ್ಲೇ ಇತ್ತು, ಒಂದೂ ಕಳೆದುಹೋಗಿರಲಿಲ್ಲ. ನನ್ನ ಕೈಯಿಂದ ಉಂಡು ಬೆಳೆದ ಈ ಮನುಷ್ಯ ಯಾರು ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

‘ನೀನು ಹುಟ್ಟಿದ ದಿನ,’ ಎಂದ, ‘ಅವರು ನಿನ್ನ ನನ್ನ ಕೈಗೆ ಕೊಟ್ರು. ನೀನು ನಿದ್ದೆ ಮಾಡ್ತಿದ್ದೆ. ಎಲ್ಲರೂ ಮೂಗು ಯಾರ ಥರ, ಕಣ್ಣು ಯಾರ ಥರ ಅಂತ ನೋಡ್ತಿದ್ರು. ನಾನು ನಿನ್ನ ಮೂಗಿನ ಹತ್ರ ಕಿವಿ ಇಟ್ಕೊಂಡು ಕೂತಿದ್ದೆ. ಎಷ್ಟು ಚೆನ್ನಾಗಿ ಕೇಳಿಸ್ತಿತ್ತು ಗೊತ್ತಾ ಮರಿ. ಯಾರು ಕೂರಿಸಿದ್ರೋ ಅದನ್ನ, ಅಷ್ಟು ಚೆನ್ನಾಗಿ ಕೂರಿಸಿದ್ರು.’

ಮಗು ಕೈ ಎತ್ತಿ ಅಪ್ಪನ ತುಟಿಯ ಮೇಲೆ ಬೆರಳಿಟ್ಟಿತು. ಮಾತು ಬರುವಾಗ ತುಟಿ ಅಲುಗುವುದನ್ನು ಮುಟ್ಟಿ ನೋಡುತ್ತಿತ್ತು. ಸುಯ್ ಸದ್ದು ಮತ್ತೆ ನಿಧಾನವಾಯಿತು. ಆಂಬುಲೆನ್ಸಿನ ಹುಡುಗಿ ಮುಖವಾಡವನ್ನು ಸ್ವಲ್ಪ ದೂರದಲ್ಲಿ ಹಿಡಿದುಕೊಂಡು ತಾನೂ ಬಾಯಿ ತೆರೆದು ಕೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇಯನ್ನೂ ಅವನ ಮಡಿಲಲ್ಲಿ ಕೂತಂತೆಯೇ ತೆಗೆದರು. ಡಾಕ್ಟರು ವಯಸ್ಸಾದ ಹೆಂಗಸು, ಕೈಗಳು ಚಿಕ್ಕ ಹುಡುಗಿಯ ಕೈಗಳಂತಿದ್ದವು. ಪರದೆಯ ಮೇಲೆ ಗಂಟಲಿನ ಜಾಗದಲ್ಲಿ ಒಂದು ಬಿಳಿಯ ಅಡ್ಡಗೆರೆ ಕಂಡಿತು, ಅಕ್ಕಿಕಾಳಿನಷ್ಟು.

‘ಉಂಗುರ ಎಲ್ಲಿ ಕಾಣ್ತಿದೆ ಡಾಕ್ಟ್ರೇ?’ ಎಂದೆ ನಾನು.

‘ಅದೇ ಗೆರೆ. ಅದು ಸರಿಯಾಗಿ ಗಾಳಿ ಹೋಗೋ ದಿಕ್ಕಿಗೆ ಬಾಯಿ ಮಾಡ್ಕೊಂಡು ಕೂತಿದೆ, ನಾವು ಬದಿಯಿಂದ ನೋಡ್ತಿದೀವಿ. ಇಲ್ಲಿ ಉಂಗುರದ ಥರ ದುಂಡಗೆ ಕಂಡಿದ್ರೆ ಅದು ಹೊರಳಿದೆ ಅಂತ ಅರ್ಥ.’ ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. ‘ನಾನು ಎಷ್ಟೋ ತೆಗೆದಿದೀನಿ. ಕಡಲೆಬೀಜ, ಮಣಿ, ಗುಂಡಿ. ಉಸಿರಾಡೋಕೆ ಬಿಟ್ಟು ಕೂತಿರೋದನ್ನ ಈಗಲೇ ನೋಡ್ತಿರೋದು.’

ಅದರಂಥದ್ದೇ ಇನ್ನೊಂದು ಇದೆಯೇ ಎಂದು ಅವರು ಕೇಳಿದಾಗ ನನ್ನ ಮುಷ್ಟಿ ಬಿಚ್ಚಿದೆ. ಅಂಗೈಯಲ್ಲಿ ಉಂಗುರದ ಗುರುತು ಕೆಂಪಗೆ ಒತ್ತಿತ್ತು. ಡಾಕ್ಟರು ಅದನ್ನು ತೆಗೆದುಕೊಂಡು, ಉದ್ದನೆಯ ತೆಳು ಚಿಮಟದಿಂದ ಅದರ ಅಂಚನ್ನು ಹಿಡಿದರು, ಬಿಟ್ಟರು, ಒಳಗಿನಿಂದ ಹಿಡಿದರು, ಬಿಟ್ಟರು. ಜಾರದ ಹಿಡಿತ ಸಿಗುವವರೆಗೆ ಬೇಸರವಿಲ್ಲದೆ ಮಾಡಿದರು. ನಮ್ಮ ಮಾವ ಇದ್ದಿದ್ದರೆ ಅವರನ್ನು ಅಂಗಡಿಗೆ ಸೇರಿಸಿಕೊಳ್ಳುತ್ತಿದ್ದ. ‘ಅರಿವಳಿಕೆ ಕೊಟ್ಟು ಮಗು ನಿದ್ದೆಗೆ ಜಾರೋವರೆಗೂ ಅಳಬಾರದು,’ ಎಂದರು ತಮ್ಮನಿಗೆ. ‘ನೀವು ಮಾತಾಡ್ತಾ ಇರಿ.’

ಆ ಹೊತ್ತಿಗೆ ಮಗುವಿನ ತಾಯಿ ಬಂದಳು. ನನ್ನ ಫೋನು ಸಿಕ್ಕಿದ್ದೇ ಅರ್ಧ ದಾರಿಯಲ್ಲಿ ಬಸ್ಸನ್ನು ಇನ್ನೊಬ್ಬ ಚಾಲಕನಿಗೆ ಒಪ್ಪಿಸಿ, ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. ಕಾರಿಡಾರಿನ ಆ ತುದಿಯಲ್ಲಿ ಅವಳನ್ನು ಕಂಡದ್ದೇ ನಾನು ಹೊರಗೋಡಿ ಅಡ್ಡ ನಿಂತೆ. ಮಕ್ಕಳ ಸ್ವಭಾವ ಎಲ್ಲರಿಗೂ ಗೊತ್ತಿರುವುದೇ. ಬಿದ್ದಾಗ ಅಳದ ಮಗು ತಾಯಿಯ ಮುಖ ಕಂಡ ಕೂಡಲೇ ಅಳುತ್ತದೆ. ‘ಒಳಗೆ ಹೋಗ್ಬೇಡ,’ ಎಂದೆ. ‘ನಿನ್ನ ನೋಡಿದ್ರೆ ಅತ್ತುಬಿಡ್ತಾಳೆ. ಅತ್ತರೆ ಉಂಗುರ ಹೊರಳುತ್ತೆ.’

ಅವಳು ನನ್ನನ್ನು ತಳ್ಳಿಯಾಳು ಎಂದುಕೊಂಡಿದ್ದೆ. ತಳ್ಳಲಿಲ್ಲ. ಬಾಗಿಲ ಮರೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಒಳಗಿನಿಂದ ಗಂಡಸೊಬ್ಬನ ಮಾತು ಎಡೆಬಿಡದೆ ಕೇಳಿಸುತ್ತಿತ್ತು. ‘ಒಳಗೆ ಯಾರು ಅತ್ತಿಗೆ ಮಾತಾಡ್ತಿರೋದು?’ ಎಂದು ಪಿಸುಗುಟ್ಟಿದಳು. ‘ನಿನ್ನ ಗಂಡ,’ ಎಂದೆ. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಮಗಳು ಒಂದು ಗೋಡೆಯಾಚೆ ಇದ್ದಾಳೆ, ಹೋಗಿ ಎತ್ತಿಕೊಳ್ಳುವ ಹಾಗಿಲ್ಲ, ಹೆಸರು ಹಿಡಿದು ಕರೆಯುವ ಹಾಗಿಲ್ಲ. ಬಾಯಿ ಮುಚ್ಚಿ ಗೊತ್ತೇ ಇಲ್ಲದವಳು ತುಟಿ ಪಿಟಕ್ಕೆನ್ನದೆ ನಿಂತಳು. ಕಣ್ಣೀರು ಬೆರಳುಗಳ ಸಂದಿಯಿಂದ ಇಳಿದು ಅಂಗಿಯ ತೋಳಿಗೆ ಹೋಗುತ್ತಿತ್ತು. ಅಷ್ಟು ದೊಡ್ಡ ಬಸ್ಸನ್ನು ಹಿಡಿದು ನಿಲ್ಲಿಸುವ ಅವಳ ಕೈಗೆ ಎಷ್ಟು ಬಲವಿತ್ತೋ ಅದನ್ನೆಲ್ಲ ಹಾಕಿ ಅವಳು ತನ್ನನ್ನು ತಾನೇ ಹಿಡಿದುಕೊಂಡಿದ್ದಳು.

ನನ್ನ ತಮ್ಮ ಮಗುವನ್ನು ಎತ್ತಿಕೊಂಡು ಹೊರಬಂದ. ಮಗುವಿನ ಮುಖ ಅವನ ಕಡೆಗಿತ್ತು. ಹೆಂಡತಿ ಗೋಡೆಗೆ ಅಂಟಿದಂತೆ ನಿಂತಿದ್ದನ್ನು ಅವನು ನೋಡಿದ, ಆದರೆ ಮಾತು ನಿಲ್ಲಿಸಲಿಲ್ಲ, ನಿಲ್ಲಿಸುವಂತಿರಲಿಲ್ಲ. ‘ನಿಮ್ಮಮ್ಮ ಇದ್ದಾಳಲ್ಲ ಮರಿ,’ ಎಂದ, ಅವಳ ಕಣ್ಣನ್ನೇ ನೋಡುತ್ತ, ‘ಅವಳು ಹೇಳಿಕೊಟ್ಟ ಹಾಗೇ ಮಾಡ್ದೆ ನಾನು. ಒಂದೂ ಬಿಡಲಿಲ್ಲ.’ ಹಾಗೇ ನಡೆದುಹೋಗಿ ಆಪರೇಷನ್ ಕೋಣೆಯೊಳಗೆ ಮರೆಯಾದ. ಬಾಗಿಲು ಮುಚ್ಚಿದ ಮೇಲೂ ಅವನ ದನಿ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಆಮೇಲೆ ನಿಂತಿತು.

ಅವನೊಬ್ಬನೇ ಹೊರಬಂದ. ತೋಳುಗಳು ಇನ್ನೂ ಮಗುವನ್ನು ಹೊತ್ತ ಹಾಗೆ ಮಡಚಿದ್ದವು. ‘ನಿದ್ದೆ ಬಂತು,’ ಎಂದ. ‘ಅಳಲಿಲ್ಲ.’ ಹೆಂಡತಿಯ ಪಕ್ಕ ಕುಸಿದು ಕೂತ. ನಾವು ಮೂವರೂ ಆ ಬಾಗಿಲನ್ನು ನೋಡುತ್ತ ಕೂತೆವು. ಒಳಗೆ ಅವರು ಉಂಗುರವನ್ನು ಅಲುಗಿಸಲೇಬೇಕು, ಅಲುಗಿಸಿದಾಗ ಅದು ಯಾವ ಕಡೆ ಹೊರಳುತ್ತದೋ ಯಾರಿಗೂ ಗೊತ್ತಿಲ್ಲ. ನನ್ನ ಉಸಿರು ಹೋಗಿ ಬರುವುದು ನನಗೇ ಕೇಳಿಸುತ್ತಿತ್ತು. ಇದುವರೆಗೆ ಒಂದು ದಿನವೂ ನಾನು ಅದಕ್ಕೆ ಕಿವಿ ಕೊಟ್ಟಿರಲಿಲ್ಲ. ಮೂಗಿನ ತುದಿಯಲ್ಲಿ ಕೋಪವಿಟ್ಟುಕೊಂಡು ತಿರುಗಿದ್ದೆನೇ ಹೊರತು, ಆ ಮೂಗಿನೊಳಗೆ ನಡೆಯುತ್ತಿದ್ದುದು ಎಂಥ ಸೋಜಿಗ ಎಂದು ಯೋಚಿಸಿರಲಿಲ್ಲ.

ಡಾಕ್ಟರು ಹೊರಗೆ ಬಂದರು. ಅವರ ಮುಖ ನೋಡಿದ್ದೇ ನಮಗೆ ತಿಳಿಯಿತು.

‘ಬಂತು,’ ಎಂದರು. ‘ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಗಂಟಲು ಕೊಂಚ ಊದಿಕೊಂಡಿದೆ, ಇವತ್ತು ಇಲ್ಲೇ ಇರಲಿ.’ ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದರು. ‘ಈಗ ಎಚ್ಚರ ಆಗ್ತಾಳೆ.’

ತಾಯಿ ಎದ್ದು ನಿಂತಳು. ಕಾಲು ಮುಂದಿಡಲು ಹೆದರಿದಳು. ‘ನಾನು ಒಳಗೆ ಹೋಗ್ಬಹುದಾ?’ ಎಂದು ನನ್ನನ್ನು ಕೇಳಿದಳು, ನಾನೇ ಡಾಕ್ಟರು ಎನ್ನುವ ಹಾಗೆ. ಅಷ್ಟರಲ್ಲಿ ಒಳಗಿನಿಂದ ಒಂದು ಒರಟು ಸದ್ದು ಬಂತು, ತುಕ್ಕು ಹಿಡಿದ ಬಾಗಿಲು ತೆರೆದಂತೆ. ಅದು ಕೆಮ್ಮಾಯಿತು. ಆಮೇಲೆ ಗಂಟಲು ಹರಿಯುವಂಥ ಅಳುವಾಯಿತು. ಬೆಳಗಿನಿಂದ ಕೂಡಿಟ್ಟುಕೊಂಡದ್ದನ್ನೆಲ್ಲ ಸೇರಿಸಿ, ಕಾರಿಡಾರಿನ ಕೊನೆಯ ಹಾಸಿಗೆಯವರೆಗೂ ಕೇಳಿಸುವ ಹಾಗೆ ಮಗು ಅತ್ತಿತು.

ನಾವು ಒಳಗೆ ನುಗ್ಗಿದೆವು. ನರ್ಸು ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ‘ಆಯ್ತು ಪುಟ್ಟ, ಅಮ್ಮ ಬಂದ್ಳು, ಅಳಬಾರದು, ಅಳಬಾರದು,’ ಎನ್ನುತ್ತಿದ್ದಳು. ತಾಯಿಯನ್ನು ಕಂಡದ್ದೇ ಮಗು ಕೈ ಚಾಚಿ ಇನ್ನೂ ಜೋರಾಗಿ ಅತ್ತಿತು. ತಾಯಿ ಅವಳನ್ನು ಎತ್ತಿಕೊಂಡಳು. ನರ್ಸು ಗಿಲಕಿಯೊಂದನ್ನು ತಂದು ಮುಖದ ಮುಂದೆ ಆಡಿಸಲು ಹೋದಾಗ ನನ್ನ ತಮ್ಮ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

‘ಅಳಲಿ ಬಿಡಿ ಸಿಸ್ಟರ್,’ ಎಂದ. ‘ಸ್ವಲ್ಪ ಹೊತ್ತು ಅಳಲಿ.’

ನಾವು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಮೂವರೂ ಅವಳ ಸುತ್ತ ನಿಂತು ಆ ಅಳುವನ್ನು ಕೇಳಿದೆವು.